ಗಜನಿ ಮಣ್ಣಿನ ಅಕ್ಕೋರು

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ರೂಢಿ. ಹಿಂದಿ ಅಕ್ಕೋರು, ಗಣಿತದ ಅಕ್ಕೋರು, ಹೊಲಿಗೆ ಅಕ್ಕೋರು ಎಂದು ಅಂಕೋಲೆಯ ನಮ್ಮ ಹೈಸ್ಕೂಲಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಬರೀ ‘ಅಕ್ಕೋರು’ ಎಂದರೆ ಅದು ಚಿತ್ರಕಲೆಯ ಅಕ್ಕೋರೇ ಎಂದು ಊರಿಗೆಲ್ಲ ಗೊತ್ತಿತ್ತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಾವು ಮಾಡಿದ ಒಂದು ಬಟ್ಟಲಿನ ತಳದಲ್ಲೂ ಅವರು ಹೆಸರು ಕೊರೆದವರಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಏಡಿ ತನ್ನ ಮಾಟೆ ಬಾಗ್ಲಲ್ಲಿ ಹೆಸ್ರು ಬರ್ಕಂತದ್ಯಾ ಮಾಸ್ತರೇ?” ಎಂದು ನನಗೇ ತಿರುಗಿ ಕೇಳಿದ್ದರು. ನಾನು ಅದೇ ಶಾಲೆಯಲ್ಲಿ ವಿಜ್ಞಾನದ ಮಾಸ್ತರ. ಏಡಿಯ ಬಗ್ಗೆ, ಅದರ ಮಾಟೆ ಎಂಬ ಬಿಲದ ಬಗ್ಗೆ ನನಗೇ ಹೆಚ್ಚು ಗೊತ್ತಿರಬೇಕಿತ್ತು.

ಅವರು ತೀರಿಕೊಂಡು ಈ ಆಷಾಢಕ್ಕೆ ವರ್ಷವಾಯಿತು. ಅವರ ಬಗ್ಗೆ ಏನಾದರೂ ಬರೆಯಿರಿ ಎಂದು ಹಳೆಯ ವಿದ್ಯಾರ್ಥಿಗಳು ದುಂಬಾಲು ಬಿದ್ದಿದ್ದಾರೆ. ಬರೆಯಲು ಕುಳಿತರೆ ಮೊದಲು ನೆನಪಾಗುವುದು ಬಸ್ಸು. ರಜೆ ಸಿಕ್ಕಿದರೆ ಸಾಕು, ಅಕ್ಕೋರು ಕಾರವಾರಕ್ಕೆ ಹೋಗಿ, ಅಲ್ಲಿಂದ ಕಾಳಿ ನದಿ ದಾಟಿ ದೇವಬಾಗದ ದಂಡೆಗೆ ಹೋಗಿಬಿಡುತ್ತಿದ್ದರು. ಸಂಜೆ ಬರುವಾಗ ಚೀಲದ ತುಂಬ ಕಡಲಕಸ. ಒಡೆದ ಶಂಖ, ಗಾಳಿಮರದ ಕಾಯಿ, ಹುಳ ಕೊರೆದ ದೋಣಿಯ ಹಲಗೆ. ಒಮ್ಮೆ ಸತ್ತ ಮೀನೊಂದನ್ನು ತಂದಿದ್ದರು, ಅದರ ಮೈಮೇಲಿನ ಚುಕ್ಕಿ ಚಂದ ಇದೆ ಎಂದು. ಬಸ್ಸಿನಲ್ಲಿ ಅವರ ಅಕ್ಕಪಕ್ಕದ ಸೀಟೆಲ್ಲ ಖಾಲಿ. ಕಂಡಕ್ಟರ ಮೂಗು ಮುಚ್ಚಿಕೊಂಡು, “ಅಕ್ಕೋರೆ, ಇದ್ಕೆ ಲಗೇಜ್ ಟಿಕೆಟ್ ಮಾಡ್ಸಿ” ಎಂದ. “ಕಡ್ಲಿಂದ ದಂಡೆವರೆಗೆ ಪುಕ್ಕಟೆ ಬಂದದೆ, ನಿನ್ನ ಬಸ್ಸಿಗೆ ಎಂತಕೆ ದುಡ್ಡು ಕೊಡ್ಬೇಕು?” ಎಂದರು ಅಕ್ಕೋರು. ಕಂಡಕ್ಟರ ಅವರ ಹಳೆಯ ಶಿಷ್ಯನೇ. ನಗುತ್ತ ಮುಂದೆ ಹೋದ.

ದೇವಬಾಗಕ್ಕೆ ಒಮ್ಮೆ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆವು. ನೀರು ಇಳಿದ ಹೊತ್ತು. ಕಡಲೆ ಗಾತ್ರದ ಏಡಿಗಳು ಮರಳನ್ನು ಉಂಡೆ ಕಟ್ಟಿ ಕಟ್ಟಿ ತಮ್ಮ ಮಾಟೆಯ ಸುತ್ತ ಸಾಲಾಗಿ ಇಡುತ್ತಿದ್ದವು. ಅಕ್ಕೋರು ಇಡೀ ತರಗತಿಯನ್ನು ಒದ್ದೆ ಮರಳಿನ ಮೇಲೆ ಬೋರಲು ಮಲಗಿಸಿ, “ಮಾತಾಡ್ಬೇಡಿ, ನೋಡಿ” ಎಂದರು. ತಾವೂ ಸೀರೆ ಸಿಕ್ಕಿಸಿಕೊಂಡು ಮಲಗಿದರು. ಮಕ್ಕಳ ಸಮವಸ್ತ್ರದ ಗತಿ ನೋಡಿ ಮರುದಿನ ತಾಯಂದಿರು ಶಾಲೆಗೆ ಬಂದರು. ಹೆಡ್ಮಾಸ್ತರರು ಕೂಗಾಡಿದರು. ಅಕ್ಕೋರು ಎಲ್ಲ ಕೇಳಿಸಿಕೊಂಡು, “ನೋಡೂಕೆ ಕಲ್ಸೂದು ನನ್ನ ಪಾಠ ಸರ್, ತೊಳೂಕೆ ಕಲ್ಸೂದು ಅವ್ರಮ್ಮಂದಿರ ಪಾಠ” ಎಂದು ಹೊರಬಂದರು. ಅವರ ಬಾಯಿಗೆ ಹೆದರುವವರು ಬಹಳ ಜನ ಇದ್ದರು, ನಾನೂ ಒಬ್ಬ. ಶಂಖದ ಸುರುಳಿ ಹೇಗೆ ಒಂದೇ ಪ್ರಮಾಣದಲ್ಲಿ ಬೆಳೆಯುತ್ತದೆ ಎಂದು ನಾನು ಅವರಿಗೆ ಒಮ್ಮೆ ಬೋರ್ಡಿನ ಮೇಲೆ ವಿವರಿಸಲು ಹೋಗಿ, “ಚಂದ ಅದೆ ಅಂತ ಹೇಳೂಕೆ ನಿಮ್ಗೆ ಇಷ್ಟೆಲ್ಲ ಲೆಕ್ಕ ಬೇಕಾ?” ಎಂದು ಹೇಳಿಸಿಕೊಂಡಿದ್ದೇನೆ.

ಕಾಗದದ ಮೇಲೆ ಚಿತ್ರ ಬರೆಯುತ್ತಿದ್ದವರು ಮಣ್ಣಿಗೆ ಇಳಿದದ್ದು ಒಂದು ಬೇಸಿಗೆ ರಜೆಯಲ್ಲಿ. ದೂರದ ಊರಿನ ಶಿಬಿರಕ್ಕೆ ಹೋಗಿ ಬಂದವರು ಬಾಡಿಗೆ ಮನೆಯ ಹಿತ್ತಲಲ್ಲಿ ಹಳೆ ಇಟ್ಟಿಗೆ ಒಟ್ಟಿ ಮಡಕೆ ಸುಡುವ ಒಂದು ಗೂಡು ಕಟ್ಟಿಯೇಬಿಟ್ಟರು. ಗಾಳಿಮರದ ಸೌದೆ, ತೆಂಗಿನ ಸಿಪ್ಪೆ ಹಾಕಿ ಉರಿಸುವುದು. ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆಲ್ಲ ಮಸಿ. ಸೌದೆಯ ಬೂದಿಯನ್ನೇ ಸೋಸಿ ಹಚ್ಚಿ ಸುಟ್ಟರೆ ಹಸಿರಿಗೂ ಬೂದು ಬಣ್ಣಕ್ಕೂ ನಡುವಿನ ಒಂದು ಹೊಳಪು ಬರುತ್ತಿತ್ತು. ಮಳೆಗಾಲದ ಹೊಳೆಯ ಬಣ್ಣ. ಅಲೆ ಹಿಂದೆ ಸರಿಯುವಾಗ ಮರಳಿನ ಮೇಲೆ ಬಿಡುವ ಗೆರೆ, ಏಡಿಯ ಉಂಡೆಗಳ ಸಾಲು, ಹಲಸಿನ ಮುಳ್ಳು ಎಲ್ಲ ಅವರ ತಟ್ಟೆ ಬಟ್ಟಲುಗಳ ಮೇಲೆ ಬಂದು ಕುಳಿತವು. ಆಮೇಲೆ ಅವರು ಇನ್ನೂ ಸರ್ವಿಸ್ ಇರುವಾಗಲೇ ಶಾಲೆ ಬಿಟ್ಟರು. ಪಗಾರ ಬರುವ ನೌಕರಿ ಬಿಟ್ಟು ಮಣ್ಣು ತುಳಿಯುವುದೆಂದರೆ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಆಡಿಕೊಂಡರು. ಮದುವೆಯಾದವರಲ್ಲ, ಹೇಳುವವರು ಕೇಳುವವರು ಇರಲಿಲ್ಲ. ಇದ್ದವನೊಬ್ಬ ತಮ್ಮ, ಕೈಗಾದಲ್ಲಿ ಕೆಲಸ. ಅವನು ಅಕ್ಕನ ಮಾತಿಗೆ ಎದುರಾಡಿದವನೇ ಅಲ್ಲ.

ಅಕ್ಕೋರ ಊರು ಅಮದಳ್ಳಿಯ ಆಚೆ ಕಡಲಿಗೆ ಹತ್ತಿಕೊಂಡು ಇತ್ತು. ಇತ್ತು ಎನ್ನುವುದು ಯಾಕೆಂದರೆ ಈಗ ಅಲ್ಲಿಗೆ ಹೋಗುವಂತಿಲ್ಲ. ನೌಕಾನೆಲೆಗೆ ಜಾಗ ಹೋದಾಗ ಆ ಊರೂ ಬೇಲಿಯೊಳಗಾಯಿತು. ಜನರೆಲ್ಲ ಅಮದಳ್ಳಿಯ ಬದಿಯ ಕಾಲನಿಗೆ ಬಂದರು. ಬಿಡುವ ದಿನ ಒಬ್ಬೊಬ್ಬರು ಒಂದೊಂದು ಹೊತ್ತು ತಂದರಂತೆ. ಬಾಗಿಲು, ಹಂಚು, ತುಳಸಿಕಟ್ಟೆಯ ಕಲ್ಲು. ಅಕ್ಕೋರು ತಮ್ಮನಿಂದ ಟೆಂಪೋ ತರಿಸಿ ತಮ್ಮ ಗಜನಿಯ ಮಣ್ಣು ತುಂಬಿಸಿದರು. ಗಜನಿ ಎಂದರೆ ಹಿನ್ನೀರಿನ ಅಂಚಿನ ತಗ್ಗು ಗದ್ದೆ, ಭರತದಲ್ಲಿ, ಕಡಲು ಉಬ್ಬಿದಾಗ, ಉಪ್ಪುನೀರು ನುಗ್ಗುವಂಥದ್ದು. ಅಲ್ಲಿನ ಮಣ್ಣು ಕಪ್ಪು, ಜಿಗುಟು, ತುಂಬ ಚಿಪ್ಪಿನ ಚೂರು. “ಅಮ್ಮನ ಬೀಸುಕಲ್ಲು ಬಿಟ್ಟು ಬಂದ್ವು ಮಾಸ್ತರೇ, ಇವ್ಳ ಕೆಸ್ರು ತಂದ್ವು” ಎಂದು ತಮ್ಮ ಇವತ್ತಿಗೂ ಹೇಳುತ್ತಾನೆ.

ಆ ಮಣ್ಣನ್ನು ಅವರು ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯೊಳಗೆ ಹಾಕಿ, ಗೋಣಿ ಮುಚ್ಚಿ, ಒಣಗದಂತೆ ನೀರು ಹೊಯ್ಯುತ್ತ ವರ್ಷಗಟ್ಟಲೆ ಇಟ್ಟಿದ್ದರು. ಕೆಲಸಕ್ಕೆಲ್ಲ ಪೇಟೆಯಿಂದ ತರಿಸಿದ ಚೀಲದ ಮಣ್ಣು. ಊರಿನ ಮಣ್ಣು ಯಾವಾಗ ತೆಗೆಯುತ್ತೀರಿ ಎಂದರೆ “ಕೈ ಪಳಗ್ಲಿ” ಎನ್ನುವರು. ಕೊನೆಗೊಮ್ಮೆ ಕೈ ಪಳಗಿತು ಎಂದು ಅವರಿಗೇ ಅನಿಸಿತು. ಅದರಿಂದ ಬಟ್ಟಲು, ಹೂಜಿ, ತಟ್ಟೆ ಮಾಡಿ ಕಾರವಾರದಲ್ಲಿ ಪ್ರದರ್ಶನ ಇಟ್ಟರು. ಕಂದು ಮೈಯ ಮೇಲೆ ಚಿಪ್ಪಿನ ಬಿಳಿ ಚುಕ್ಕಿಗಳು. ನೋಡಿದವರು ಮುಗಿಬಿದ್ದು ತೆಗೆದುಕೊಂಡರು. ಅವತ್ತು ಅವರು ಕಾಲೇಜು ಹುಡುಗಿಯ ಹಾಗೆ ಓಡಾಡಿದ್ದನ್ನು ನಾನು ಮರೆತಿಲ್ಲ.

ಮಳೆ ಹಿಡಿಯಿತು. ಕೈಗಾ ಟೌನ್‌ಶಿಪ್ಪಿನಿಂದ ಕಂಪನಿ ಬಸ್ಸಿನಲ್ಲಿ ಬಂದ ತಮ್ಮ ಮೊದಲ ಸುದ್ದಿ ತಂದ. ಯಾರದೋ ಮನೆಯಲ್ಲಿ ಊಟಕ್ಕೆ ಕುಳಿತಾಗ ಬಟ್ಟಲು ಟಪ್ ಎಂದು ಸಿಡಿದು ಒಂದು ಚಕ್ಕೆ ಮೀನುಸಾರಿನೊಳಗೆ ಬಿತ್ತಂತೆ. ಮರುದಿನ ಕಾರವಾರದಿಂದ ಫೋನು, ಇನ್ನೊಂದು ದಿನ ಇನ್ನೊಬ್ಬರದು. ಅಕ್ಕೋರು ಒಂದು ಬಟ್ಟಲು ಹಿಡಿದುಕೊಂಡು ನೇರ ನಮ್ಮ ಮನೆಗೆ ಬಂದರು. “ನಿಮ್ಮ ವಿಜ್ಞಾನ ಎಂತ ಹೇಳ್ತದೆ, ನೋಡಿ.” ನೋಡಿದೆ. ಸಿಡಿದ ಪ್ರತಿ ಗುಳಿಯ ತಳದಲ್ಲೂ ಒಂದು ಬಿಳಿ ಕಣ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುಟ್ಟ ಚಿಪ್ಪು! ಚಿಪ್ಪು ಸುಟ್ಟರೆ ಸುಣ್ಣ, ಸುಣ್ಣಕ್ಕೆ ನೀರು ತಾಗಿದರೆ ಅರಳುತ್ತದೆ. ಮಳೆಗಾಲದ ಥಂಡಿ ಹೀರಿ ಒಳಗಿನ ಸುಣ್ಣ ಉಬ್ಬಿ ಮೇಲಿನ ಮಣ್ಣನ್ನು ಒದ್ದು ಹಾರಿಸುತ್ತಿತ್ತು. ಚಿಪ್ಪು ಸುಟ್ಟು ಸುಣ್ಣ ಮಾಡುವ ಊರಿನಲ್ಲೇ ಹುಟ್ಟಿ, ಆ ಸುಣ್ಣ ಬಳಿದ ಗೋಡೆಗೆ ಒರಗಿಯೇ ಬೆಳೆದ ನಮಗಿಬ್ಬರಿಗೂ ಇದು ಹೊಳೆದಿರಲಿಲ್ಲ. ಹಣೆ ಹಣೆ ಚಚ್ಚಿಕೊಂಡು ನಕ್ಕೆವು. ಆಮೇಲೆ ಅಕ್ಕೋರು ಅತ್ತರು.

ಮಣ್ಣನ್ನು ಜರಡಿ ಹಿಡಿದು ಚಿಪ್ಪು ತೆಗೆಯಿರಿ ಎಂದೆ. “ಚಿಪ್ಪಿ ತೆಗ್ದ್ರೆ ಅದು ನಮ್ಮೂರ ಮಣ್ಣೇ ಅಲ್ಲ” ಎಂದರು. ಆಮೇಲೆ ಗೂಡಿನಿಂದ ಬಿಸಿ ಆರುವ ಮೊದಲೇ ತೆಗೆದು ನೀರಿನಲ್ಲಿ ಮುಳುಗಿಸಿಟ್ಟರೆ ಹೆಚ್ಚಿನವು ಉಳಿಯುತ್ತವೆ ಎಂದು ಕಂಡುಕೊಂಡೆವು. ಆದರೆ ಮಾರಿದ್ದು ಮಾರಿ ಆಗಿತ್ತಲ್ಲ. “ನಾ ಕೊಟ್ಟಿದ್ದು, ನಾನೇ ವಾಪಸ್ ತರ್ತೆ” ಎಂದು ಹೊರಟರು. ಆ ಮಳೆಯಲ್ಲಿ ಮನೆ ಮನೆಗೆ ಹೋಗಿ ಮಡಕೆ ವಾಪಸು ಕೇಳುವ ಕಲಾವಿದೆಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಕೊಡೆ ಹಿಡಿಯುವ ಕೆಲಸ ನನ್ನದು. ಯಾರ ಮನೆಗೆ ಹೋದರೂ ಅಕ್ಕೋರ ಕಣ್ಣು ಮೊದಲು ತಮ್ಮ ಬಟ್ಟಲನ್ನು ಎಲ್ಲಿಟ್ಟಿದ್ದಾರೆ ಎಂದು ಹುಡುಕುತ್ತಿತ್ತು. ಒಂದು ಮನೆಯಲ್ಲಿ ಹೂಜಿಯೊಳಗೆ ಹಲ್ಲುಜ್ಜುವ ಬ್ರಷ್ಷುಗಳಿದ್ದವು. ಅಲ್ಲಿ ಅವರು ನೀರು ಸಹ ಕುಡಿಯದೆ ಎದ್ದರು.

ಹಾಗೆ ತಿರುಗುತ್ತ ಅಮದಳ್ಳಿಯ ಕಾಲನಿಗೆ ಬಂದೆವು. ಅಲ್ಲಿ ಅವರ ಊರಿನ ಹೊನ್ನಜ್ಜಿ ಇದ್ದಳು. ಅವಳಿಗೆ ಒಂದು ಬಟ್ಟಲನ್ನು ಪ್ರೀತಿಯಿಂದ ಕೊಟ್ಟಿದ್ದರು. ಸಿಡುಬು ಬಂದ ಮುಖದ ಹಾಗಾಗಿತ್ತು ಅದು.

“ಅಜ್ಜೀ, ಇದ್ನ ಕೊಡು. ಬೇರೆ ಮಾಡಿ ಕೊಡ್ತೆ.”

“ಎಂತಕೆ?”

“ಒಡ್ದು ಹೋತದೆ.”

“ಹೋಗ್ಲಿ ಬಿಡು. ಊರೇ ಹೋಯ್ತು.” ಅಜ್ಜಿ ಬಟ್ಟಲನ್ನು ಮಡಿಲಿಗೆ ಎಳೆದುಕೊಂಡಳು. “ನಂಗೊಂದು ಮಡಕಿ ಮಾಡ್ಕೊಡೂಕೆ ಆತದ್ಯಾ ಮಗಾ? ಇದೇ ಮಣ್ಣಲ್ಲಿ. ನನ್ನ ಸುಡೂಕೆ ತಕ್ಕಂಡೋಗೂ ದಿವ್ಸಕ್ಕೆ” ಎಂದಳು. “ಊರ ಮಸಣ ಬೇಲಿ ಒಳ್ಗಾಯ್ತು. ಮಡಕಿ ಆದ್ರೂ ಊರದ್ದಾಗ್ಲಿ.”

ಚಿತೆಯ ಸುತ್ತ ನೀರು ತುಂಬಿದ ಮಡಕೆ ಹೊತ್ತು ಮೂರು ಸುತ್ತು ಬರುವುದು, ಸುತ್ತಿಗೊಮ್ಮೆ ಕತ್ತಿಯಿಂದ ತೂತು ಹಾಕಿ ನೀರು ಬಿಡುವುದು, ಕೊನೆಗೆ ಒಡೆಯುವುದು ನಮ್ಮಲ್ಲಿ ಇದ್ದದ್ದೇ. ಅದಕ್ಕೆ ಪೇಟೆಯ ಅಗ್ಗದ ಮಡಕೆ ಸಾಕು. ಅಕ್ಕೋರ ಮುಖ ಕೆಂಪಾಯಿತು. “ನಾ ಹೆಣದ ಮಡಕಿ ಮಾಡೂಳಲ್ಲ ಅಜ್ಜಿ” ಎಂದು ಎದ್ದು ನಡೆದೇಬಿಟ್ಟರು. ಅಂಕೋಲೆಯಲ್ಲಿ ಬಸ್ಸು ಇಳಿಯುವಾಗ, “ಇಷ್ಟ್ ವರ್ಷ ಕಲ್ತಿದ್ದು ಒಡೂಕಾ?” ಎಂದರು. ನನಗೂ ಅವರ ಸಿಟ್ಟು ಸರಿ ಎಂದೇ ಕಂಡಿತು.

ಆದರೆ ಕೆಲವು ದಿನಗಳಲ್ಲೇ ಅವರು ಮಡಕೆ ಮಾಡಿ ತಾವೇ ಕೊಂಡೊಯ್ದು ಕೊಟ್ಟರೆಂದು ತಮ್ಮನಿಂದ ತಿಳಿಯಿತು. ಕೇಳಿದರೆ, “ಅಜ್ಜಿ ಕನಸಲ್ಲಿ ಬಂದು ಬಯ್ತದೆ, ನಿದ್ರೆ ಬೇಕಲ್ಲ ನಂಗೆ” ಎಂದು ಹಾರಿಸಿದರು. ಮುಂದೊಮ್ಮೆ ಹೋಗಿ ನೋಡಿದರೆ ಹೊನ್ನಜ್ಜಿ ಆ ಮಡಕೆಯಲ್ಲಿ ಉಪ್ಪು ತುಂಬಿಟ್ಟಿದ್ದಳು. “ಸಾಯೂವರೆಗೆ ಖಾಲಿ ಇಡೂದು ಎಂತಕೆ?” ಮತ್ತೂ ಎರಡು ಮಳೆಗಾಲ ಕಳೆದ ಮೇಲೆ ಅಜ್ಜಿ ಹೋದಳು. ಅವಳ ಮಗ ಆ ಮಡಕೆ ಹೊತ್ತು ಸುತ್ತು ಬಂದದ್ದನ್ನು ಕಾಲನಿಯ ಮುದುಕರೆಲ್ಲ ನೋಡಿದರು. ಆಮೇಲೆ ಅಕ್ಕೋರ ಹಿತ್ತಲಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಸಂಕೋಚದಿಂದ ಗೇಟಿನ ಹತ್ತಿರವೇ ನಿಂತು, “ನಂಗೂ ಒಂದು” ಎಂದು ಕೇಳುವರು. ಮದುವೆಗೆ ಕರೆಯಲು ಬಂದವರ ಹಾಗೆ ನಾಚುವರು.

ಅದೇ ಹೊತ್ತಿಗೆ ಮುಂಬಯಿಯ ಗ್ಯಾಲರಿಯವರೊಬ್ಬರು ಬಂದರು. ಎಲ್ಲೋ ಯಾರದೋ ಮನೆಯಲ್ಲಿ ಬಿಳಿ ಚುಕ್ಕಿಯ ಹೂಜಿ ನೋಡಿದ್ದರಂತೆ. ಅಂಥದೇ ದೊಡ್ಡ ದೊಡ್ಡ ಜಾಡಿಗಳು ಬೇಕು, ಅದೇ ಮಣ್ಣಿನವು, ಇಡೀ ಒಂದು ಪ್ರದರ್ಶನ ನಿಮ್ಮದೇ ಎಂದರು. ಅಕ್ಕೋರು ಜೀವಮಾನವೆಲ್ಲ ಕಾದಿದ್ದು ಇಂಥದೊಂದು ಮಾತಿಗೆ. ಗ್ಯಾಲರಿಯವರು ಹೋದ ಮೇಲೆ ತೊಟ್ಟಿಯ ಗೋಣಿ ಸರಿಸಿ ಮೊಣಕೈವರೆಗೆ ಕೈ ಇಳಿಸಿ ನೋಡಿದರು. ಜಾಡಿ ಮಾಡಿದರೆ ಮುದುಕರಿಗಿಲ್ಲ, ಮುದುಕರಿಗೆ ಮಾಡಿದರೆ ಜಾಡಿಗಿಲ್ಲ. ಬೇಲಿಯೊಳಗಿನ ಗಜನಿ ಈಗ ಗಜನಿಯಾಗಿ ಉಳಿದಿಲ್ಲ, ಇನ್ನು ತರುವ ಮಾತಿಲ್ಲ. ಆ ವಾರವೆಲ್ಲ ನಮ್ಮ ಮನೆಗೆ ಬಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಿದ್ದರು. ತೆಳ್ಳಗಾಗಿದ್ದರು. ಚೀಲದ ಮಣ್ಣಿನಲ್ಲಿ ಮಾಡಿಕೊಡುತ್ತೇನೆ ಎಂದು ಮುಂಬಯಿಗೆ ಫೋನು ಮಾಡಿದರು, ಅವರು ಒಪ್ಪಲಿಲ್ಲ. ಹಾಗಾದರೆ ಬೇಡ ಎಂದರು ಅಕ್ಕೋರು.

ನಾನು ಚೆನ್ನಾಗಿ ಬೈದೆ. ದೇವರು ಬಾಗಿಲಿಗೆ ಬಂದರೆ ಕದ ಹಾಕಿಕೊಂಡಿರಿ, ಯಾರೋ ಸುಟ್ಟು ಒಡೆದು ಬಿಸಾಡುವುದಕ್ಕೆ ಇಷ್ಟು ವರ್ಷದ ಕೈ ಹಾಳುಮಾಡುತ್ತೀರಿ ಎಂದೆಲ್ಲ ಕೂಗಿದೆ. ಅವರು ತಲೆ ತಗ್ಗಿಸಿ ಮಣ್ಣು ನಾದುತ್ತಲೇ, “ಗ್ಯಾಲರಿಯವ್ರು ಬೇರೆ ಯಾರನ್ನಾರೂ ಹುಡುಕ್ಕಂತರು ಮಾಸ್ತರೇ. ಈ ಮುದುಕ್ರು ಎಲ್ಲಿಗೆ ಹೋಗ್ಬೇಕು?” ಎಂದರು. ಅವರಿಗೆ ದುಃಖವಾಗಿರಲಿಲ್ಲ ಎಂದು ಯಾರೂ ತಿಳಿಯಬಾರದು. ಆ ಗ್ಯಾಲರಿಯವರ ಕಾರ್ಡು ಅವರ ಕನ್ನಡಿಯ ಸಂದಿಯಲ್ಲಿ ಬಹಳ ಕಾಲ ಇತ್ತು.

ಆ ಮಡಕೆಗಳನ್ನು ನೋಡಬೇಕಿತ್ತು. ಸುಲಭವಾಗಿ ತೂತಾಗಲೆಂದು ತೆಳುವಾಗಿ ತಟ್ಟಿ, ಹದವಾಗಿ ಸುಡುತ್ತಿದ್ದರು. ಹೊಳಪಿಲ್ಲ, ಬಣ್ಣವಿಲ್ಲ. ಹೆಗಲಿನ ಸುತ್ತ ಮಾತ್ರ ಕಡ್ಡಿಯಿಂದ ಒತ್ತಿದ ಕೊಕ್ಕರೆಯ ಹೆಜ್ಜೆಗಳು, ಗಜನಿಯ ಕೆಸರಿನಲ್ಲಿ ನಡೆದುಹೋದ ಹಾಗೆ. ಒಂದೊಂದು ಮಡಕೆಯಲ್ಲಿ ಕೊಕ್ಕರೆ ಒಂದೊಂದು ಥರ ನಡೆದಿರುತ್ತಿತ್ತು. ಒಂದರಲ್ಲಿ ಅವಸರ, ಇನ್ನೊಂದರಲ್ಲಿ ನಿಂತು ನಿಂತು, ಒಂದರಲ್ಲಿ ಅರ್ಧಕ್ಕೇ ಹಾರಿಹೋದದ್ದು. ಅವರು ಮಾಡಿದ್ದರಲ್ಲೆಲ್ಲ ಚಂದದ ಕೆಲಸ ಅದೇ ಎಂದು ನಾನು ಇವತ್ತು ಧೈರ್ಯವಾಗಿ ಹೇಳುತ್ತೇನೆ. ಒಂದೂ ಉಳಿದಿಲ್ಲ.

ತೊಟ್ಟಿಯ ತಳ ಕೆರೆದು ಕೊನೆಯ ಮಡಕೆ ಮಾಡಿದ ದಿನ ನಾನು ಅಲ್ಲಿದ್ದೆ. ಅದನ್ನು ಗೂಡಿನ ಚಪ್ಪರದ ಎತ್ತರದ ಹಲಗೆಯ ಮೇಲಿಟ್ಟು, “ಇದು ನಂದು. ಯಾರ್ಗೂ ಕೊಡೂದಿಲ್ಲ” ಎಂದರು. ಅಪಶಕುನ ಆಡಬೇಡಿ ಎಂದೆ. “ಅಪಶಕುನ ಎಂತದು? ಹಬ್ಬದ ಬಸ್ಸಿಗೆ ಮೊದ್ಲೇ ಸೀಟು ಹಿಡ್ದಿಟ್ಟಂಗೆ” ಎಂದು ನಕ್ಕರು. ಕೈ ತೊಳೆದ ನೀರನ್ನೂ ಚೆಲ್ಲಲಿಲ್ಲ, ಹಿತ್ತಲ ಅಬ್ಬಲಿಗೆ ಗಿಡಕ್ಕೆ ಹೊಯ್ದರು. ಒಣಗಿದ ಮೇಲೆ ಆ ಮಡಕೆಯನ್ನು ಸುಟ್ಟು ಮತ್ತೆ ಅದೇ ಹಲಗೆಗೆ ಏರಿಸಿದರು. ಆಮೇಲೆ ಗೂಡು ಉರಿದದ್ದು ಅಪರೂಪ. ಕೈ ನಡುಗಲು ಶುರುವಾಗಿತ್ತು. ನೆರೆಯ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತ, ಬಂದವರಿಗೆ ಬಯ್ಯುತ್ತ ಇದ್ದರು.

ಅವರು ಹೋದ ಬೆಳಿಗ್ಗೆ ಮಳೆ ಜೋರಾಗಿತ್ತು. ಕಾಲನಿಯ ಜನ ಟೆಂಪೋ ಮಾಡಿಕೊಂಡು ಬಂದು ಅಂಗಳದಲ್ಲಿ ತುಂಬಿದ್ದರು. ತಮ್ಮನಿಗೂ ಆ ಮಡಕೆಯ ವಿಷಯ ಗೊತ್ತಿತ್ತು. “ಮಾಸ್ತರೇ, ಅಕ್ಕನ ಮಡಕಿ?” ಎಂದ. ಇಬ್ಬರೂ ಚಪ್ಪರಕ್ಕೆ ಹೋದೆವು. ಹಲಗೆ ಖಾಲಿ. ಗೂಡಿನೊಳಗೆ, ಮಂಚದ ಅಡಿಗೆ, ಅಡುಗೆಮನೆಯ ನಾಗೊಂದಿಗೆಯ ಮೇಲೆ, ಎಲ್ಲ ಕಡೆ ಹುಡುಕಿದೆವು. ಎಷ್ಟು ಸಲ ನೋಡಿದ ಕಡೆಯೇ ಮತ್ತೆ ನೋಡಿದೆವೋ. ಮನೆ ತುಂಬ ಜಾಡಿಗಳು, ಹೂಜಿಗಳು, ಬಟ್ಟಲುಗಳು, ಎಲ್ಲ ಚೀಲದ ಮಣ್ಣಿನವು. ತಮ್ಮ ಒಂದು ಜಾಡಿ ಎತ್ತಿ, “ಇದಾದ್ರೂ ಅಕ್ಕ ಮಾಡಿದ್ದೇ ಅಲ್ದ?” ಎಂದ. ನಾನು ಬೆರಳಿನಿಂದ ತಟ್ಟಿದೆ, ಗಂಟೆಯ ಹಾಗೆ ಠಣ್ ಎಂದಿತು. ಅದಕ್ಕೆ ಕತ್ತಿ ತಾಗಿಸಿದರೆ ಕತ್ತಿಯೇ ಮುಕ್ಕಾಗುತ್ತಿತ್ತು. ಬೇಡ ಎಂದೆ. ಯಾರೋ ಪೇಟೆಗೆ ಹೋಗಿ ಮಡಕೆ ತಂದರು.

ಮಸಣದಲ್ಲಿ ತಮ್ಮ ಆ ಕೆಂಪು ಮಡಕೆ ಹೊತ್ತು ಸುತ್ತು ಬಂದ. ತೂತಿನಿಂದ ನೀರು ಬಿತ್ತು, ಮಳೆಯ ನೀರಿನಲ್ಲಿ ಅದು ಕಾಣಲೂ ಇಲ್ಲ. ಒಡೆದ ಸದ್ದಾಯಿತು. ನಾನು ಕಾಲನಿಯ ಒಬ್ಬ ಮುದುಕನ ಕೊಡೆಯಡಿ ನಿಂತಿದ್ದೆ.

“ನೀವು ಬೆಳಿಗ್ಗೆ ಹುಡುಕ್ತಿದ್ರಿ ಅಲ್ದ, ಅದು ಹಲಿಗಿ ಮೇಲಿತ್ತಾ?” ಎಂದು ಅವನು ಮೆಲ್ಲಗೆ ಕೇಳಿದ.

“ಹೌದು. ಅವರದೇ ಅಂತ ಇಟ್ಟಿದ್ದರು. ಸಿಗಲಿಲ್ಲ.”

ಅವನು ಕೊಡೆಯನ್ನು ನನ್ನ ಕಡೆ ಸರಿಸಿದ. “ಅದು ಸಿಗೂದಿಲ್ಲ ಮಾಸ್ತರೇ. ಹೋದ್ವರ್ಷ ನನ್ನ ಹೆಂಡ್ತಿ ಹೋದಾಗ ನಾ ಬಂದು ಕೇಳ್ದೆ. ಮಣ್ಣು ಮುಗ್ದದೆ ಅಂದ್ರು. ನಾ ಆಯ್ತು ಹೇಳಿ ಹೊಂಟೆ, ಗೇಟಿನ ಹತ್ರ ಹೋಗಿದ್ದೆ. ಹಿಂದಿಂದ ಕರ್ದ್ರು. ಸ್ಟೂಲ್ ಹತ್ತಿ ಹಲಿಗಿ ಮೇಲಿಂದ ಇಳ್ಸಿ ಕೊಟ್ರು. ಒಂದು ಉಳ್ದಿತ್ತು ನೋಡು, ನಂಗೆ ಮರ್ತೇ ಹೋಗಿತ್ತು ಅಂದ್ರು.”

ಮುದುಕ ನನ್ನ ಕಡೆ ತಿರುಗಿದ. “ಅದು ಅವ್ರ ಪಾಲಿಂದು ಅಂತ ನಂಗೆ ಗೊತ್ತಿಲ್ಲಾಗಿತ್ತು. ಗೊತ್ತಿದ್ರೆ ನಾ ಮುಟ್ತಿದ್ನಾ?”

ನನಗೂ ಗೊತ್ತಿರಲಿಲ್ಲ. ಆಮೇಲೂ ಒಂದು ವರ್ಷ ನಾನು ಅದೇ ಚಪ್ಪರದಲ್ಲಿ ಕುಳಿತು ಅವರ ಜೊತೆ ಚಹಾ ಕುಡಿದಿದ್ದೇನೆ, ಖಾಲಿ ಹಲಗೆಯ ಕೆಳಗೆ. ಒಮ್ಮೆಯೂ ತಲೆ ಎತ್ತಿ ನೋಡಲಿಲ್ಲ, ಅವರೂ ಹ್ಞಾಂ ಹ್ಞೂಂ ಎನ್ನಲಿಲ್ಲ. ಹೇಳಿದ್ದರೆ ನಾನು ಬೈಯುತ್ತಿದ್ದೆ, ಅದಕ್ಕೇ ಹೇಳಿರಲಿಕ್ಕಿಲ್ಲ. ಮುದುಕ ಕೊಡೆಯನ್ನು ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ಮುಂದೆ ಹೋಗಿ, ಆ ಪೇಟೆಯ ಮಡಕೆಯ ಚೂರುಗಳನ್ನು ಯಾರೂ ತುಳಿಯದಂತೆ ಒಂದೊಂದಾಗಿ ಹೆಕ್ಕಿ ಬದಿಗಿಡತೊಡಗಿದ.